ಮೊಳೆ ಇಲ್ಲ ಮಾಮ

ಹಲಸೂರಿನ ಬೇಕರಿಗಳ ಒಲೆಗಳು ಇನ್ನೂ ಸೌದೆಯನ್ನೇ ತಿನ್ನುತ್ತಿದ್ದ ಕಾಲವದು. ಬೆಳಿಗ್ಗೆ ಬೀದಿಗೆ ಬಂದರೆ ಒಂದು ಕಡೆಯಿಂದ ಬನ್ನಿನ ವಾಸನೆ, ಇನ್ನೊಂದು ಕಡೆಯಿಂದ ಕೆರೆಯ ಪಾಚಿಯ ವಾಸನೆ, ನಡುವೆ ನಮ್ಮ ಸೌದೆ ಡಿಪೋದ ಹಸಿಮರದ ವಾಸನೆ. ಈಗಿನ ಮಕ್ಕಳಿಗೆ ಸೌದೆ ಡಿಪೋ ಅಂದರೆ ಏನೆಂದು ವಿವರಿಸಬೇಕು. ತಗಡಿನ ಸೂರು, ಆಳೆತ್ತರದ ತಕ್ಕಡಿ, ಗೋಡೆಯ ಹಾಗೆ ಜೋಡಿಸಿದ ಸೀಳು ಸೌದೆ, ಅಷ್ಟೇ. ಅದರ ಹಿಂದಿನ ಎರಡು ಕೋಣೆಗಳಲ್ಲಿ ಅಪ್ಪ ಮತ್ತು ನಾನು ಇದ್ದೆವು. ಅಮ್ಮ ಇರಲಿಲ್ಲ.

ಅಮ್ಮ ಯಾಕಿರಲಿಲ್ಲ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನನಗೆ ಆರು ವರ್ಷವಾಗಿದ್ದಾಗ ಅವಳು ಎರಡನೇ ಹೆರಿಗೆಗೆ ತವರಿಗೆ, ದೊಡ್ಡನೆಕ್ಕುಂದಿಗೆ, ಹೋದಳು. ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಮಗು ಉಳಿಯಲಿಲ್ಲ. ಒಂಬತ್ತನೇ ದಿನ ಅಮ್ಮನೂ ಉಳಿಯಲಿಲ್ಲ. ಸೀಮಂತದಲ್ಲಿ ತೊಡಿಸಿದ ಹಸಿರು ಗಾಜಿನ ಬಳೆ ಕೈತುಂಬ ಇರುವಾಗಲೇ ಹೋದಳು.

ಬಾಣಂತಿ ಸತ್ತರೆ ಅವಳಿಗೆ ಬಿಡುಗಡೆಯಿಲ್ಲ, ಬಿಟ್ಟುಹೋದ ಮಗುವನ್ನು ಕರೆದೊಯ್ಯಲು ಬಂದೇ ಬರುತ್ತಾಳೆ ಎಂದು ಆ ಕಡೆ ಹಳೆಯ ಹೆಂಗಸರು ನಂಬಿದ್ದರು. ಅದಕ್ಕೊಂದು ಕಟ್ಟು ಇತ್ತು. ತಿಳಿದವನೊಬ್ಬನನ್ನು ಕರೆಸಿ, ಸತ್ತವಳ ಕೂದಲನ್ನು ಕಬ್ಬಿಣದ ಮೊಳೆಗೆ ಸುತ್ತಿ, ಊರಾಚೆಯ ಹುಣಸೆ ಮರಕ್ಕೆ ಹೊಡೆಸುವುದು. ಅಮ್ಮನಿಗೆ ಅದನ್ನು ಮಾಡಿಸಿದವಳು ಬೇರೆ ಯಾರೂ ಅಲ್ಲ, ಅವಳನ್ನು ಹೆತ್ತ ನನ್ನಜ್ಜಿ. ಅಪ್ಪ ಹಲಸೂರಿಗೆ ಹೋಗಿದ್ದ ಹೊತ್ತು ನೋಡಿ, ತನ್ನದೇ ಹೊಲದ ಬದುವಿನ ಹುಣಸೆ ಮರಕ್ಕೇ ಹೊಡೆಸಿದಳು. ನಾನು ಅವಳ ಸೆರಗು ಹಿಡಿದು ನಿಂತಿದ್ದೆ.

"ಕಟ್ಬಿಡಪ್ಪ," ಅಂದಳು ಅವನಿಗೆ. "ಮಗಳಂತೂ ಹೋದ್ಳು. ಮೊಮ್ಮಗಳಾದ್ರೂ ಉಳೀಲಿ."

ಒಂದೊಂದು ಏಟಿಗೂ ಅಜ್ಜಿ ತನ್ನ ಹಣೆ ತಾನೇ ಚಚ್ಚಿಕೊಂಡಳು. ಆಮೇಲೆ ನನ್ನ ಗಲ್ಲ ಹಿಡಿದು ಹೇಳಿದಳು: "ಮಂಜು, ಇದನ್ನ ನಿಮ್ಮಪ್ಪಂಗೆ ಹೇಳ್ಬೇಡ. ಆ ಮೊಳೆ ತಂಟೆಗೂ ಹೋಗ್ಬೇಡ. ಮೊಳೆ ಈಚೆ ಬಂತೂಂದ್ರೆ ನಿಮ್ಮಮ್ಮನೂ ಈಚೆ ಬಂದ್ಬಿಡ್ತಾಳೆ."

ಹೆದರಲಿ ಅಂತ ಹೇಳಿದ ಮಾತು ಅದು. ನಾನು ಹೆದರಲಿಲ್ಲ. ಅಮ್ಮನನ್ನು ಈಚೆ ತರುವ ದಾರಿಯೊಂದಿದೆ ಎಂದು ಗೊತ್ತಾದ ಮೇಲೆ ಯಾವ ಮಗು ಹೆದರುತ್ತದೆ ಹೇಳಿ?

ಪ್ರತಿ ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಹೋದಾಗಲೆಲ್ಲ ಅವಳ ಕಣ್ಣು ತಪ್ಪಿಸಿ ಮರದ ಹತ್ತಿರ ಓಡುತ್ತಿದ್ದೆ. ಹಣ್ಣಿಗೆ ಹೋಗುತ್ತೇನೆ ಅನ್ನುವುದು ನೆಪ. ಹಣ್ಣನ್ನೂ ಬಿಡುತ್ತಿರಲಿಲ್ಲ ಅನ್ನಿ. ಉಪ್ಪು, ಮೆಣಸಿನಕಾಯಿ, ಬೆಲ್ಲ ಸೇರಿಸಿ ಕುಟ್ಟಿ, ಕಡ್ಡಿಗೆ ಸಿಕ್ಕಿಸಿಕೊಂಡು ಚೀಪುತ್ತಿದ್ದೆ. ಬೀಜಗಳನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬಿಳಿ ಮಾಡಿದರೆ ಚೌಕಾಬಾರಕ್ಕೆ ದಾಳ. ಹಾಗೆ ಉಜ್ಜುವುದನ್ನು ಕಲಿಸಿದವಳು ಅಮ್ಮ. ಅವಳೇ ಉಜ್ಜಿದ ನಾಲ್ಕು ಬೀಜ ನನ್ನ ಹತ್ತಿರ ಇದ್ದವು. ಮೊಳೆಯ ತಲೆ ಮೊದಲೆರಡು ವರ್ಷ ಕಾಣುತ್ತಿತ್ತು. ಬೆರಳಿನಿಂದ ಎಳೆದೆ, ಚಮಚದಿಂದ ಮೀಟಿದೆ, ಉಗುರು ಕಿತ್ತುಕೊಂಡೆ. ಆಮೇಲೆ ತೊಗಟೆ ಬೆಳೆದು ಅದನ್ನು ನುಂಗಿಬಿಟ್ಟಿತು. ಹೊಕ್ಕುಳಿನಂಥ ಒಂದು ಗುಳಿ ಮಾತ್ರ ಉಳಿಯಿತು. ಅದರ ಮೇಲೆ ಅಂಗೈ ಇಟ್ಟು ಶಾಲೆಯ ಸುದ್ದಿಯೆಲ್ಲ ಹೇಳಿ ಬರುತ್ತಿದ್ದೆ.

ನನಗೆ ಹತ್ತು ತುಂಬಿದ ವರ್ಷ ಅಜ್ಜಿ ತೀರಿಕೊಂಡಳು. ಹೊಲ ಒಂದು ಕಾರ್ಖಾನೆಗೆ ಹೋಗುವುದೆಂದು ನಿಶ್ಚಯವಾಯಿತು. ಮರ ಯಾರದೋ ಪಾಲಾಗುವ ಮೊದಲು ನಾವೇ ಕಡಿಸೋಣ ಎಂದ ಅಪ್ಪ. ಇಬ್ಬರು ಕೈ ಚಾಚಿ ತಬ್ಬಿದರೂ ಸಿಗದ ಬೊಡ್ಡೆ. ಬೇಕರಿಗಳಿಗೆ ಎಷ್ಟೋ ತಿಂಗಳ ಸೌದೆ. ಮೊಳೆಯ ವಿಷಯ ತಿಳಿದವಳು ಈಗ ನಾನೊಬ್ಬಳೇ. ಆ ತುಂಡು ಹಾಗೇ ಇಡಿಯಾಗಿ ಒಲೆಗೆ ಹೋದರೆ? ಅಮ್ಮ ಒಳಗೇ ಇರುವಾಗ?

ನಮ್ಮಲ್ಲಿ ಮರ ಕಡಿಯುತ್ತಿದ್ದವನು ಸೆಲ್ವ ಮಾಮ. ಹಲಸೂರಿನವನೇ, ಮನೆಯಲ್ಲಿ ತಮಿಳು, ನಮ್ಮೊಂದಿಗೆ ಕನ್ನಡ, ಬೇಕರಿಯವರೊಂದಿಗೆ ಉರ್ದು. ಅಷ್ಟು ವರ್ಷ ಇಬ್ಬರು ಎಳೆಯುವ ಜೋಡಿ ಗರಗಸ, ಕೊಡಲಿ, ಬೆಣೆ ಇಷ್ಟರಲ್ಲೇ ಬದುಕಿದವನು. ಈ ಹುಣಸೆ ಮರ ನೋಡಿ ಬಂದು, "ಗರಗಸದಲ್ಲಿ ಇದಾಗಲ್ಲ ಅಣ್ಣಾ. ಮಿಷನ್ ತಗೋ," ಎಂದ.

ಶಿವಾಜಿನಗರದ ಗಲ್ಲಿಯೊಂದರಲ್ಲಿ ಮಿಷನ್ ಅಂಗಡಿ. ನನ್ನನ್ನು ಬಿಟ್ಟುಹೋಗಲು ಮನೆಯಲ್ಲಿ ಯಾರೂ ಇಲ್ಲದ್ದರಿಂದ ನಾನೂ ಹೋದೆ. ಗೋಡೆಯುದ್ದಕ್ಕೂ ಹಲ್ಲಿನ ಚೈನು ಸುತ್ತುವ, ಮರ ಕೊಯ್ಯುವ ಮಿಷನ್ನುಗಳನ್ನು ಸಾಲಾಗಿ ಇಟ್ಟಿದ್ದರು. ಅಪ್ಪನದು ಯಾವಾಗಲೂ ಆತುರ. ಹೋದವನೇ ಎಲ್ಲಕ್ಕಿಂತ ಉದ್ದದ್ದಕ್ಕೆ ಕೈಹಾಕಿದ.

"ಇದು ಕೊಡಿ ಭಾಯ್. ಒಂದೇ ಸಲಕ್ಕೆ ಆಚೆ ಕಡೆ ಹೋಗ್ಬೇಕು."

"ಎತ್ತಿ ಹಿಡ್ಕೋ ಅಣ್ಣಾ," ಎಂದ ಸೆಲ್ವ ಮಾಮ.

ಅಪ್ಪ ಎತ್ತಿದ. ಅದರ ಮೂತಿ ನೆಲಕ್ಕೆ ಬಾಗಿತು, ಅಪ್ಪನೂ ಬಾಗಿದ.

"ನೋಡ್ದಾ? ಸಾಯಂಕಾಲದ ತನಕ ಹಿಡಿಯೋನು ನಾನು. ಮರಕ್ಕಿಂತ ಮೊದ್ಲು ನನ್ ಸೊಂಟ ಬೀಳುತ್ತೆ."

"ಮತ್ತೆ ಅಷ್ಟು ದಪ್ಪ ಬೊಡ್ಡೆ ಹೆಂಗೋ ಕೊಯ್ತೀಯ?"

"ಈ ಕಡೆ ಅರ್ಧ, ಆ ಕಡೆ ಅರ್ಧ. ಹುಣಸೆ ಅಂದ್ರೆ ಕಲ್ಲು ಅಣ್ಣಾ. ಉದ್ದ ಇದ್ರೆ ಸಾಲಲ್ಲ, ಇಂಜಿನ್‌ಗೆ ದಮ್ ಇರ್ಬೇಕು."

ಕರೆಂಟಿನದನ್ನು ಅವನು ಮುಟ್ಟಿಯೂ ನೋಡಲಿಲ್ಲ, ಹೊಲದಲ್ಲಿ ಕರೆಂಟೆಲ್ಲಿ? ಪೆಟ್ರೋಲಿನ ನಾಲ್ಕೈದನ್ನು ಒಂದೊಂದಾಗಿ ಎತ್ತಿ, ತೋಳು ಚಾಚಿ, ಸೊಂಟಕ್ಕೆ ಒತ್ತಿ ನೋಡಿದ. ಕೊನೆಗೆ ನಡುಗಾತ್ರದ್ದೊಂದು ಮೆಚ್ಚಿದ. ಅದರ ಮುಂದಿನ ಹಿಡಿಕೆಯ ಎದುರು ಒಂದು ತಡೆ ಇತ್ತು. ಮಿಷನ್ನು ಹಿಂದಕ್ಕೆ ಎಗರಿದರೆ ಮಣಿಕಟ್ಟು ಅದಕ್ಕೆ ತಗುಲಿ ಚೈನು ಗಕ್ಕನೆ ನಿಲ್ಲುತ್ತದೆ. ಮಾಮ ಅದನ್ನು ಹತ್ತು ಸಲ ತಳ್ಳಿ ನೋಡಿದ.

"ಇದೊಂದು ಇಲ್ಲಾಂದ್ರೆ ನಾನು ಮುಟ್ಟಲ್ಲ," ಎಂದ.

ಅಂಗಡಿಯ ಭಾಯ್ ಒಂದು ಕಪ್ಪು ಕನ್ನಡಕವನ್ನೂ ಚೈನು ಮಸೆಯುವ ಅರವನ್ನೂ ಕೊಟ್ಟ. "ಎಲ್ಲಾ ಕೊಯ್ಯುತ್ತೆ, ಕಬ್ಬಿಣ ಒಂದು ಬಿಟ್ಟು," ಎಂದ. "ಮರದೊಳಗೆ ಮೊಳೆ ಸಿಕ್ತೂಂದ್ರೆ ಮಿಷನ್ ಖಲ್ಲಾಸ್. ಕೇಳ್ಕೊಂಡು ಕೊಯ್ಯಿ."

ಮಿಷನ್ ಖಲ್ಲಾಸ್ ಎಂದು ಅವನು ಹೇಳಿದ್ದನ್ನು ನಾನು ಚೆನ್ನಾಗಿ ಕೇಳಿಸಿಕೊಂಡೆ. ಮನುಷ್ಯನಿಗೆ ಏನಾಗುತ್ತದೆ ಎಂದು ಅವನು ಹೇಳಲಿಲ್ಲ, ನಾನೂ ಯೋಚಿಸಲಿಲ್ಲ. ಮಿಷನ್ನು ಹಾಳಾದರೆ ಅಪ್ಪ ಇನ್ನೊಂದು ತರುತ್ತಾನೆ. ಅಮ್ಮನನ್ನು ಯಾವ ಅಂಗಡಿಯಿಂದ ತರುತ್ತಾನೆ?

ಹೊಲದಲ್ಲಿ ಮಿಷನ್ನಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಶುರುಮಾಡಿದರು. ಮೊದಲ ದಿನ ಕೊಂಬೆಗಳು ಬಿದ್ದವು, ಸಂಜೆಗೆ ಬೊಡ್ಡೆಯೂ ಉರುಳಿತು. ನೆಲ ಅದುರಿದ್ದು ಅಂಗಾಲಿಗೆ ಗೊತ್ತಾಯಿತು. ಎರಡನೇ ದಿನ ಬೊಡ್ಡೆಯನ್ನು ತುಂಡು ಮಾಡುವ ಕೆಲಸ. ಮಿಷನ್ನು ಎತ್ತುವ ಮೊದಲು ಸೆಲ್ವ ಮಾಮ ಬೊಡ್ಡೆಯನ್ನು ಆ ತುದಿಯಿಂದ ಈ ತುದಿಗೆ ಸವರಿ ನೋಡಿದ.

"ಮೊಳೆಗಿಳೆ ಹೊಡೆದಿದಾರಾ ಅಣ್ಣಾ?"

"ನಮ್ಮ ಹೊಲದ ಮರ ಕಣೋ. ಮೊಳೆ ಎಲ್ಲಿಂದ ಬರುತ್ತೆ?"

"ಊರಾಚೆ ಹುಣಸೆ ಮರ. ಕೇಳೋದು ಒಳ್ಳೇದು." ಆಮೇಲೆ ನನ್ನ ಕಡೆ ತಿರುಗಿದ. "ಪಾಪಾ, ನೀನು ಆಡಿ ಬೆಳೆದ ಮರ. ಎಲ್ಲಾದ್ರೂ ಮೊಳೆ ಕಂಡಿದ್ಯಾ?"

ನಾನು ಬೊಡ್ಡೆಗೆ ಒರಗಿ ನಿಂತಿದ್ದೆ. ಬೆನ್ನ ಹಿಂದೆ ನನ್ನ ಅಂಗೈ ಆ ಗುಳಿಯ ಮೇಲೇ ಇತ್ತು. ಇದೆ ಎಂದರೆ ಆ ಜಾಗ ಬಿಟ್ಟು ಕೊಯ್ಯುತ್ತಾನೆ; ಆ ತುಂಡು ಇಡಿಯಾಗಿ ಬೇಕರಿಗೆ ಹೋಗುತ್ತದೆ.

"ಇಲ್ಲ ಮಾಮ," ಎಂದೆ. "ಮೊಳೆ ಇಲ್ಲ."

ಅವನು ನಂಬಿದ. ಮಕ್ಕಳು ದೇವರ ಸಮ ಅನ್ನುತ್ತಾರಲ್ಲ, ಅದನ್ನು ನಂಬಿದವರಲ್ಲಿ ಅವನೂ ಒಬ್ಬ. ಬೆವರಿಗೆ ಕನ್ನಡಕ ಮಂಜು ಕಟ್ಟುತ್ತದೆಂದು ಹಣೆಯ ಮೇಲಕ್ಕೆ ಸರಿಸಿ ಕೆಲಸ ಹಿಡಿದ. ನಾನು ಮೂರು ಮಾರು ದೂರದಲ್ಲಿ ಕೂತೆ. ಆ ದಿನ ನಾನು ತಲೆ ಬಾಚಿ, ಹೂ ಮುಡಿದು, ಅಮ್ಮ ಹೊಲಿದ ಹಳೆಯ ಲಂಗ ಬಿಗಿಯಾದರೂ ಹಾಕಿಕೊಂಡು ಹೋಗಿದ್ದೆ. ಮೂರನೆಯ ತುಂಡು. ಗುಳಿಯ ಹತ್ತಿರ ಬಂತು. ಮಿಷನ್ನಿನ ಕೂಗು ಇದ್ದಕ್ಕಿದ್ದಂತೆ ಬದಲಾಯಿತು. ಕಿಡಿ ಹಾರಿದ್ದು ಕಂಡಿತು. ಮಿಷನ್ನು ಸೆಲ್ವ ಮಾಮನ ಮುಖದ ಕಡೆಗೆ ಎಗರಿ, ತಡೆ ತಗುಲಿ, ಗಕ್ಕನೆ ನಿಂತಿತು. ಅವನು ಹಿಂದಕ್ಕೆ ಬಿದ್ದ. ಚೈನಿನ ಮುರಿದ ಹಲ್ಲೊಂದು ಅವನ ಎಡಗಣ್ಣಿಗೆ ಹೊಡೆದಿತ್ತು.

ಆಮೇಲಿನ ಗಲಾಟೆ ನನಗೆ ಸರಿಯಾಗಿ ನೆನಪಿಲ್ಲ. ಅಪ್ಪ ಅವನನ್ನು ತಬ್ಬಿಕೊಂಡು, ಸೌದೆ ಸಾಗಿಸಲು ಬಂದಿದ್ದ ಟೆಂಪೋ ಹತ್ತಿದ. ನನ್ನನ್ನು ನೋಡಿಕೊಳ್ಳಲು ಪಕ್ಕದ ಹೊಲದ ಹೆಂಗಸಿಗೆ ಕೂಗಿ ಹೇಳಿದ. ಅವಳು ನೀರು ತರುತ್ತೇನೆಂದು ಗುಡಿಸಲಿಗೆ ಹೋದಳು. ನಾನು ಎದ್ದು ಬೊಡ್ಡೆಯ ಹತ್ತಿರ ಹೋದೆ. ಕೊಯ್ದ ಮರದಲ್ಲಿ ಶಾಯಿ ಚೆಲ್ಲಿದಂತೆ ಕಪ್ಪು ಕಲೆ. ಕಬ್ಬಿಣ ಇರುವ ಕಡೆ ಹುಣಸೆ ಹಾಗೆ ಕಪ್ಪಾಗುತ್ತದೆ. ಮರದ ಹೊಟ್ಟಿನ ಮೇಲೆ ರಕ್ತ. ಅದರ ಪಕ್ಕದಲ್ಲಿ ಬೆರಳಿನ ಗೆಣ್ಣಿನಷ್ಟು ಮೊಳೆಯ ಚೂರು. ಮೊಳೆ ಈಚೆ ಬಂದಿತ್ತು.

ನೆಲದ ಮೇಲೆ ಚೌಕಾಬಾರದ ಮನೆ ಬರೆದೆ. ಅಮ್ಮ ಉಜ್ಜಿದ ನಾಲ್ಕು ಬೀಜಗಳನ್ನು ಎದುರುಗಡೆಯ ಮನೆಯಲ್ಲಿಟ್ಟೆ.

"ಮೊದ್ಲು ನೀನೇ ಹಾಕಮ್ಮಾ," ಎಂದೆ.

ಮರ ಬಿದ್ದ ಮೇಲೆ ಅಲ್ಲಿ ನೆರಳೂ ಇರಲಿಲ್ಲ. ನೆತ್ತಿ ಸುಡುತ್ತಿತ್ತು. ಪೆಟ್ರೋಲಿನ ವಾಸನೆ, ಹಸಿ ಹುಣಸೆಯ ಹುಳಿ ವಾಸನೆ. ಅಷ್ಟು ಹೊತ್ತು ಮಿಷನ್ನು ಕೂಗಿ ನಿಂತ ಮೇಲೆ ಒಂದು ಹಕ್ಕಿಯ ದನಿಯೂ ಕೇಳಿಸಲಿಲ್ಲ. ಕಾದೆ. ಬೀಜಗಳು ಇಟ್ಟ ಹಾಗೇ ಇದ್ದವು. ಯಾರೂ ಬರಲಿಲ್ಲ.

ಎಡಗಣ್ಣು ಹೋಯಿತು. "ಕನ್ನಡಕ ಹಾಕ್ಕೊಳ್ಳೋ ಅಂತ ಬಡ್ಕೊಂಡೆ," ಎಂದು ಅಪ್ಪ ವಾರಗಟ್ಟಲೆ ಗೊಣಗಿದ. ಮರದಲ್ಲಿ ಮೊಳೆ ಹೊಡೆದವರು ಯಾರೋ ಪಾಪಿಗಳು ಎಂದು ಬೈದ. ನಾನು ಬಾಯಿ ಬಿಡಲಿಲ್ಲ.

ತಿಂಗಳ ಮೇಲೆ ಸೆಲ್ವ ಮಾಮ ಡಿಪೋಗೆ ಬಂದ. ನಾನು ಸೌದೆ ರಾಶಿಯ ಹಿಂದೆ ಅಡಗಿ ಕೂತೆ. ಟೀ ಕುಡಿಯುತ್ತಾ ಅಪ್ಪನಿಗೆ ಹೇಳಿದ:

"ಅಣ್ಣಾ, ನಗ್ಬೇಡ. ಮಿಷನ್ ಎಗರ್ತಲ್ಲ, ಅದಕ್ಕಿಂತ ಒಂದು ಕ್ಷಣ ಮೊದ್ಲು ಯಾರೋ ನನ್ ಕಾಲರ್ ಹಿಡಿದು ಹಿಂದಕ್ಕೆ ಎಳೆದ್ರು. ಎಳೀದೇ ಇದ್ದಿದ್ರೆ ಕುತ್ತಿಗೇನೇ ಹೋಗ್ತಿತ್ತು."

"ಬಿಡೋ ಸೆಲ್ವ. ಏಟು ಬಿದ್ದಾಗ ಏನೇನೋ ಅನ್ಸುತ್ತೆ."

"ಇಲ್ಲ ಅಣ್ಣಾ. ಹೆಂಗಸಿನ ಕೈ. ಕತ್ತಿಗೆ ಬಳೆ ತಾಕ್ತು. ತಣ್ಣಗಿತ್ತು."

ಅಪ್ಪ ಲೋಟ ಕೆಳಗಿಟ್ಟ. "ಎಂಥ ಬಳೆ?"

"ಗಾಜಿಂದು. ಕೈತುಂಬ ಇತ್ತು."

ಅಪ್ಪ ಎದ್ದುಹೋಗಿ, ಆಗಲೇ ತೂಗಿಟ್ಟಿದ್ದ ಸೌದೆಯನ್ನು ಮತ್ತೆ ತಕ್ಕಡಿಗೆ ಹಾಕತೊಡಗಿದ.

ನನಗೆ ಬಂದದ್ದು ಭಯವಲ್ಲ, ಸಿಟ್ಟು. ಹೊಟ್ಟೆಕಿಚ್ಚು. ನಾಲ್ಕು ವರ್ಷ ಕಾದವಳು ನಾನು. ಮೂರು ಮಾರು ದೂರದಲ್ಲಿ ಹೂ ಮುಡಿದುಕೊಂಡು ಕೂತವಳು ನಾನು. ಅವಳು ಈಚೆ ಬಂದು ಯಾರದೋ ಕಾಲರ್ ಹಿಡಿದಳೇ? ನನ್ನ ತಲೆಯನ್ನೊಂದು ಸಲ ಸವರಬಾರದಿತ್ತೇ?

ಸೌದೆ ರಾಶಿಯ ಹಿಂದೆ ಬಿಕ್ಕಳಿಕೆ ಕೇಳಿಸಿ ಸೆಲ್ವ ಮಾಮ ಇಣುಕಿದ. "ಹೆದರ್ಕೊಂಡ್ಯಾ ಪಾಪಾ? ಬಾ ಈಚೆ. ಇನ್ನೊಂದು ಕಣ್ಣು ಜೋರಾಗಿದೆ, ನೀನು ಎಲ್ಲಿ ಅಡಗಿದ್ರೂ ಕಾಣುತ್ತೆ." ಜೇಬಿನಿಂದ ಬೇಕರಿಯ ಪೊಟ್ಟಣ ತೆಗೆದ. ದಿಲ್‌ಪಸಂದ್, ಇನ್ನೂ ಬೆಚ್ಚಗಿತ್ತು. ಅವನ ಒಂದೇ ಕಣ್ಣಿನ ಎದುರು ನಾನು ಅದನ್ನು ಪೂರ್ತಿ ತಿಂದೆ. ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಆಮೇಲೆ ಅವನು ಇಪ್ಪತ್ತು ವರ್ಷ ಬದುಕಿದ. ಆ ಇಪ್ಪತ್ತು ವರ್ಷವೂ ಹೇಳಲಿಲ್ಲ.

ಈಗ ಆ ಬೇಕರಿಗಳ ಒಲೆಗೆ ಕರೆಂಟು. ಬನ್ನಿಗೆ ಹೊಗೆಯ ಆ ರುಚಿ ಇಲ್ಲ. ಡಿಪೋ ಇದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಮರವಿದ್ದ ಹೊಲದಲ್ಲಿ ಕಾರ್ಖಾನೆ ಬಂತು, ಅದೂ ಹೋಗಿ ಗಾಜಿನ ಕಟ್ಟಡ ಬಂತು. ಅಜ್ಜಿಯನ್ನು ಬೈಯುವ ಧೈರ್ಯ ನನಗಿಲ್ಲ. ನನ್ನನ್ನು ಉಳಿಸಲು ಹೆತ್ತ ಮಗಳನ್ನೇ ಕಟ್ಟಿಹಾಕಿದಳು. ಅಪ್ಪ ಕಲ್ಯಾಣ ನಗರದಲ್ಲಿ ನನ್ನ ಜೊತೆಯೇ ಇದ್ದಾನೆ. ಇದನ್ನು ಓದುತ್ತಾನೆ. ಓದಲಿ. ಕನ್ನಡಕದ ತಪ್ಪಲ್ಲ ಅಪ್ಪ, ನನ್ನದು.

ನನಗೂ ಮಗಳು ಹುಟ್ಟಿದ ಮೇಲೆ ಒಂದು ವಿಷಯ ಅರ್ಥವಾಯಿತು. ಮಗು ಏನಾದರೂ ಒಡೆದುಹಾಕಿದರೆ ತಾಯಿ ಮೊದಲು ಮಗುವನ್ನು ಮುದ್ದಿಸಲು ಹೋಗುವುದಿಲ್ಲ. ಬೀಳುತ್ತಿರುವುದನ್ನು ಹಿಡಿಯಲು ಹೋಗುತ್ತಾಳೆ. ಅಮ್ಮನಿಗೆ ಸಿಕ್ಕಿದ್ದು ಒಂದೇ ಕ್ಷಣ. ಆ ಕ್ಷಣವನ್ನು ನನ್ನ ಸುಳ್ಳು ಕೊಲೆಯಾಗದಂತೆ ತಡೆಯುವುದಕ್ಕೆ ಕೊಟ್ಟಳು. ನನಗೆಂದು ಏನೂ ಮಿಗಲಿಲ್ಲ.

ಮೊನ್ನೆ ಮಳೆಗೆ ನಮ್ಮ ಬೀದಿಯ ದೊಡ್ಡ ಮರ ಬಿತ್ತು. ಮಿಷನ್ನು ಹಿಡಿದು ಇಬ್ಬರು ಹುಡುಗರು ಬಂದರು. ನಾನು ಚಪ್ಪಲಿಯನ್ನೂ ಮೆಟ್ಟದೆ ಕೆಳಗೆ ಓಡಿದೆ.

"ಮೊಳೆ ಇದ್ಯಾ ನೋಡ್ರಪ್ಪಾ ಮೊದ್ಲು!"

"ಆಂಟಿ, ಬೋರ್ಡ್ ಹೊಡೆದಿರೋ ಮೊಳೇನೇ ನೂರಿದೆ. ಎಲ್ಲಾ ಕಿತ್ತಿದೀವಿ," ಎಂದು ನಕ್ಕ ಒಬ್ಬ.

"ಹಣೆ ಮೇಲಲ್ಲ ಕಣೋ ಕನ್ನಡಕ, ಕಣ್ಣಿಗೆ ಹಾಕ್ಕೋ."

ಹಾಕಿಕೊಂಡ. ಮಿಷನ್ನು ಕೂಗಿತು. ಕೊಯ್ದು ಮುಗಿಸುವ ತನಕ ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ. ಕೊನೆಗೊಮ್ಮೆ ಅದು ನಿಂತಾಗ ಬೀದಿಯೆಲ್ಲ ಸ್ತಬ್ಧವಾಯಿತು. ಎಲ್ಲಿ ಮಿಷನ್ನು ನಿಂತರೂ ನಾನು ಮಾಡುವುದನ್ನೇ ಆಗಲೂ ಮಾಡಿದೆ. ಜಡೆಯನ್ನು ಎತ್ತಿ ಮುಂದಕ್ಕೆ ಹಾಕಿಕೊಂಡು, ಕತ್ತಿನ ಹಿಂಭಾಗ ಬರಿದು ಮಾಡಿಕೊಂಡು, ಸ್ವಲ್ಪ ಹೊತ್ತು ಅಲ್ಲಾಡದೆ ನಿಂತೆ.