ಈಜುರೆಕ್ಕೆಯ ಒಂದು ಚೂರು

ಹೋದ ವಾರ ಹಲ್ಲುನೋವೆಂದು ಇಲ್ಲಿ, ಜಪಾನಿನ ಕಾಶಿವಾ ಊರಿನಲ್ಲಿ, ದಂತವೈದ್ಯರ ಬಳಿ ಹೋಗಿದ್ದೆ. ಅವರು ಒಸಡಿಗೆ ಹಚ್ಚಿದ ಔಷಧಿಯಲ್ಲಿ ಲವಂಗದೆಣ್ಣೆಯ ವಾಸನೆ. ಲವಂಗ ಎಂದರೆ ಬೇರೆಯವರಿಗೆ ಪಲಾವು ನೆನಪಾಗಬಹುದು. ನನಗೆ ನೆನಪಾಗುವುದು ನಿಧಾನವಾಗಿ ಉಸಿರು ನಿಲ್ಲಿಸುತ್ತಿದ್ದ ಒಂದು ಮೀನು, ಅದರ ಕೆಳಗೆ ಚಾಚಿದ್ದ ಮುದುಕರೊಬ್ಬರ ಅಂಗೈ... ಡಾಕ್ಟರು ನೋಯುತ್ತಿದೆಯೇ ಎಂದು ಕೇಳಿದರು. ಹೌದು ಎಂದೆ.

ಆ ಮುದುಕರು ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಅಕ್ವೇರಿಯಂ ಮೀನುಗಳ ಅಂಗಡಿ ಇಟ್ಟಿದ್ದರು. ಎಲ್ಲರೂ ಅವರನ್ನು ತೆನ್ಚೋ-ಸಾನ್, ಅಂದರೆ ಅಂಗಡಿ ಯಜಮಾನರು ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಆಗ ನಾನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಅಮೆರಿಕದ ನದಿಗಳ ಕ್ಯಾಟ್‌ಫಿಶ್‌ಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ಆ ನದಿಗಳನ್ನು ಕಣ್ಣಾರೆ ಕಂಡವಳಲ್ಲ. ಬಾಟಲಿಗಳಲ್ಲಿ ಬಿಳಿಚಿಕೊಂಡ ಮೀನುಗಳ ಮೈಮೇಲಿನ ಮೂಳೆಬಿಲ್ಲೆಗಳನ್ನು ಎಣಿಸುವುದೇ ನನ್ನ ಕೆಲಸ. "ನಮ್ಮನೇಲಿ ಮೊಟ್ಟೇನೂ ತರ್ತಿರ್ಲಿಲ್ಲ, ನೀನು ನೋಡಿದ್ರೆ ಮೀನುಗಳಿಗೆ ನಾಮಕರಣ ಮಾಡೋಕೆ ಹೊರಟಿದ್ದೀಯ" ಎಂದು ಮೈಸೂರಿನಿಂದ ಅಮ್ಮ ಫೋನಿನಲ್ಲಿ ಕಾಲೆಳೆಯುತ್ತಿದ್ದಳು.

ಜೀವಂತ ಮೀನು ನೋಡಬೇಕೆನಿಸಿದಾಗ ಆ ಅಂಗಡಿಗೆ ಹೋಗುತ್ತಿದ್ದೆ. ಮೂಲೆಯ ತೊಟ್ಟಿಯಲ್ಲಿ ಒಂದೇ ಜಾತಿಯ ಎರಡು ಕ್ಯಾಟ್‌ಫಿಶ್‌ಗಳಿದ್ದವು. ಕಪ್ಪು ಮೈ, ಬಾಲಕ್ಕೆ ಹಳದಿ ಅಂಚು. ಬ್ರೆಜಿಲ್‌ನಿಂದ ತರಿಸಿದ ಪೆಟ್ಟಿಗೆಯಲ್ಲಿ ಬೇರೆ ಮೀನುಗಳ ಜೊತೆ ಬಂದಿದ್ದವಂತೆ. ಹೆಂಡತಿಗೆ ಇಷ್ಟವಾದವೆಂದು ಅವರು ಮಾರಿರಲಿಲ್ಲ. ಆಕೆ ದಿನವೂ ಸೌತೆಕಾಯಿ ಹೋಳು ಹಾಕುತ್ತಿದ್ದರಂತೆ. ಆಕೆ ತೀರಿಕೊಂಡ ಮೇಲೂ ಯಜಮಾನರು ಅಷ್ಟೇ ತೆಳುವಾಗಿ ಹೆಚ್ಚಿ ಹಾಕುತ್ತಿದ್ದರು.

ನಾಲ್ಕಾರು ಸಲ ನೋಡಿದ ಮೇಲೆ, ಈ ಮೀನಿಗೆ ವಿಜ್ಞಾನದಲ್ಲಿ ಇನ್ನೂ ಹೆಸರಿಲ್ಲ ಎನ್ನಿಸಿತು. ಹೇಳಿದೆ. ಅವರು ತಮ್ಮ ಹೆಂಡತಿಯ ಹೆಸರಿಡಬಹುದೇ ಎಂದು ಕೇಳಿದರು. ಇಡಬಹುದು, ಆದರೆ ಅದಕ್ಕೆ ಒಂದು ಮೀನು ಸಾಯಬೇಕು, ಸಂಗ್ರಹಾಲಯದ ಬಾಟಲಿ ಸೇರಬೇಕು ಎಂದೆ. ಮಾರನೆಯ ವಾರ ಅವರೇ ಒಂದನ್ನು, ನೋವಿಲ್ಲದೆ ಸಾಯಲೆಂದು, ಲವಂಗದೆಣ್ಣೆ ಬೆರೆಸಿದ ನೀರಿಗಿಳಿಸಿದರು. ಅದರ ಅಲುಗಾಟ ನಿಲ್ಲುವವರೆಗೂ ಅಂಗೈ ತೆಗೆಯಲಿಲ್ಲ. ಆಮೇಲೆ ನನಗೆ ತಲೆಬಾಗಿ, ಮಗಳನ್ನು ಧಾರೆ ಎರೆದು ಕೊಟ್ಟ ಹಾಗೆ ಕೊಟ್ಟರು.

ನಾನು ಮಾಡಿದ್ದೇನು? ಮೀನನ್ನು ಫಾರ್ಮಲಿನ್‌ಗೆ ಹಾಕುವ ಮುನ್ನ ಡಿಎನ್‌ಎಗಾಗಿ ಈಜುರೆಕ್ಕೆಯ ಚೂರೊಂದನ್ನು ಕತ್ತರಿಸಿ ಬೇರೆ ಇಡಬೇಕು. ನಮ್ಮಲ್ಲಿ ಎಲ್ಲರೂ ಕಲಿಯುವ ಮೊದಲ ಪಾಠ ಅದು. ಅಂದು ಕಣ್ಣು ಮಂಜಾಗಿ, ಚೂರು ಕತ್ತರಿಸುವುದನ್ನೇ ಮರೆತು, ನೇರವಾಗಿ ಫಾರ್ಮಲಿನ್‌ನಲ್ಲಿ ಮುಳುಗಿಸಿಬಿಟ್ಟೆ. ಫಾರ್ಮಲಿನ್ ಮೈಯನ್ನು ಕಾಪಾಡುತ್ತದೆ, ಡಿಎನ್‌ಎಯನ್ನು ಕೆಡಿಸುತ್ತದೆ. ಆಮೇಲೆ ಎಷ್ಟು ಹೆಣಗಿದರೂ ಅದರಿಂದ ಡಿಎನ್‌ಎ ಸಿಗಲಿಲ್ಲ. ಬಿಲ್ಲೆ ಎಣಿಸಿದ್ದಷ್ಟೇ ಸಾಲದು, ಡಿಎನ್‌ಎ ಇಲ್ಲದೆ ಲೇಖನ ಕಳಿಸುವಂತಿಲ್ಲ ಎಂದರು ನನ್ನ ಪ್ರೊಫೆಸರ್.

"ಇನ್ನೊಂದು ಮೀನು ಬದುಕಿದ್ಯಲ್ಲ, ಉಗುರಷ್ಟು ಕಟ್ ಮಾಡಿದ್ರೆ ಸಾಕು, ಮತ್ತೆ ಬೆಳೆಯುತ್ತೆ ಅಂತ ನೀನೇ ಅಂತೀಯ" ಎಂದ ಗಂಡ. "ಹೋಗಿ ಸುಮಿಮಾಸೆನ್, ತಪ್ಪಾಯ್ತು ಕ್ಷಮಿಸಿ ಅಂತ ಹೇಳಿ ಕೇಳು. ಅದ್ರಲ್ಲೇನು ಪ್ರಾಬ್ಲಮ್?"

ಪ್ರಾಬ್ಲಮ್ ಇದ್ದದ್ದು ನನ್ನ ನಾಲಿಗೆಯಲ್ಲಿ. ಹೋದಾಗಲೆಲ್ಲ ಯಜಮಾನರೇ ಹೇಳುತ್ತಿದ್ದರು: "ಒಂದು ಸಾಲದಿದ್ರೆ ಹೇಳಿ, ಇನ್ನೊಂದಿದೆ." ಅವರ ಅಂಗೈಯಲ್ಲೇ ಸತ್ತ ಮೀನನ್ನು ಹಾಳುಮಾಡಿದೆ ಎಂದು ಯಾವ ಬಾಯಲ್ಲಿ ಹೇಳಲಿ? "ಬೇಡ, ಒಂದೇ ಸಾಕು, ಬರೀತಾ ಇದ್ದೀನಿ" ಎನ್ನುತ್ತಿದ್ದೆ. ಅವರು ಖುಷಿಯಾಗಿ ಚಹಾ ಕೊಡುತ್ತಿದ್ದರು. ನಾನು ನಾಚಿಕೆಯಿಲ್ಲದೆ ಕುಡಿಯುತ್ತಿದ್ದೆ. ಮುಂದಿನ ಸಲ ಹೇಳೋಣ, ಮುಂದಿನ ಸಲ... ವರ್ಷ ಕಳೆಯಿತು. ಒಂದು ದಿನ ಹೋದರೆ ಶಟರ್ ಎಳೆದಿತ್ತು. ಆಸ್ಪತ್ರೆಗೆ ಸೇರಿಸಿದ್ದಾರೆ ಎಂದರು ಪಕ್ಕದ ಕ್ಷೌರದಂಗಡಿಯವರು. ಯಜಮಾನರು ಮತ್ತೆ ಬರಲಿಲ್ಲ. ತೊಟ್ಟಿಗಳನ್ನು ಯಾರೋ ಒಯ್ದರು. ಎರಡನೆಯ ಮೀನು ಯಾರ ಪಾಲಾಯಿತೋ ತಿಳಿಯದು.

ಈ ತಿಂಗಳು ಬ್ರೆಜಿಲ್‌ನ ತಂಡವೊಂದು ಅದೇ ಮೀನನ್ನು ವರ್ಣಿಸಿ ಲೇಖನ ಪ್ರಕಟಿಸಿದೆ. ಅದೇ ಕಪ್ಪು ಮೈ, ಅದೇ ಹಳದಿ ಅಂಚು. ನದಿಯಲ್ಲೇ ಹಿಡಿದಿದ್ದಾರೆ, ಡಿಎನ್‌ಎ ಕೂಡ ಇದೆ, ಒಳ್ಳೆಯ ಕೆಲಸ. ಇಟ್ಟಿರುವುದು ಆ ನದಿಯ ಹೆಸರು. ಮೊದಲು ಪ್ರಕಟವಾದ ಹೆಸರೇ ಕೊನೆಯವರೆಗೂ ಉಳಿಯುತ್ತದೆ. ಇನ್ನು ಬದಲಾಯಿಸಲು ಯಾರಿಂದಲೂ ಆಗದು.

ನಿನ್ನೆ ಸಂಗ್ರಹಾಲಯಕ್ಕೆ ಹೋಗಿ ನಮ್ಮ ಮೀನಿನ ಬಾಟಲಿಗೆ ಹೊಸ ಹೆಸರಿನ ಚೀಟಿ ಬರೆದೆ. ಹಳೆಯ ಚೀಟಿಯನ್ನು ಎಸೆಯುವಂತಿಲ್ಲ, ಅದೂ ಒಳಗೇ ಇರಬೇಕೆಂಬುದು ನಮ್ಮ ಪದ್ಧತಿ. ಅದರಲ್ಲಿ ಅಂದು ನಾನು ಪೆನ್ಸಿಲ್‌ನಲ್ಲಿ ಬರೆದಿದ್ದ ಅವರ ಹೆಂಡತಿಯ ಹೆಸರಿತ್ತು. ಹೊಸ ಚೀಟಿಯನ್ನು ಅದರ ಮುಂದೆ ಇಳಿಸಿದೆ, ಹೆಸರು ಮರೆಯಾಯಿತು. ಯಜಮಾನರಿಗೆ ಹೇಳಬೇಕಾಗಿದ್ದ ನಿಜವನ್ನು ಬಾಟಲಿಗೆ ಹೇಳಿ, ಮುಚ್ಚಳ ತಿರುಗಿಸಿದೆ.