ಗಬ್ಬವಲ್ಲದ ಹೊಟ್ಟೆ

ನನ್ನ ಗೆಳತಿ ಹೋದ ತಿಂಗಳು ತೀರಿಕೊಂಡಳು. ಅವಳು ಪಶುವೈದ್ಯೆ, ಜನರ ಬಾಯಲ್ಲಿ ಮೇಕೆ ಡಾಕ್ಟರಮ್ಮ. ನಾನು ಅದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವವಳು. ಸ್ಲೈಡ್ ಕೊಡುವಾಗ ಅವಳು ಪ್ರಾಣಿಯ ಕತೆ ಹೇಳುತ್ತಿರಲಿಲ್ಲ. ಕೇಳಿದರೆ, "ಮೊದಲು ಕಣ್ಣಲ್ಲಿ ನೋಡೇ, ಆಮೇಲೆ ಕಿವೀಲಿ ನೋಡುವಿಯಂತೆ" ಎನ್ನುತ್ತಿದ್ದಳು. ಈಗ ಸ್ಲೈಡುಗಳು ಕತೆ ಸಮೇತ ಬರುತ್ತವೆ.

ಒಮ್ಮೆ ಅಜ್ಜಿಯೊಬ್ಬರು ಸೊಸೆಯ ಜೊತೆ ಮುದಿ ಮೇಕೆಯೊಂದನ್ನು ತಂದರು. ಅದಕ್ಕೆ ಆಗಾಗ ರಕ್ತ ಹೋಗುತ್ತಿತ್ತು. ಮನೆಯವರು ಬೆದೆಯೆಂದುಕೊಂಡು ಮತ್ತೆ ಮತ್ತೆ ಹೋತದ ಬಳಿ ಬಿಟ್ಟಿದ್ದರು. ಹೊಟ್ಟೆ ದಪ್ಪಗಾದಾಗ ಗಬ್ಬ ಕಟ್ಟಿತೆಂದು ಹಿಗ್ಗಿದ್ದರು. ದಿನ ತುಂಬಿದರೂ ಮರಿ ಬರಲಿಲ್ಲ.

"ಕಟುಕನಿಗೆ ಬಾ ಅಂದಿದೀನಿ. ಅತ್ತೆದೇ ಹಟ," ಎಂದಳು ಸೊಸೆ.

"ನಿನ್ನ ಕಂಡ್ರೆ ಅದು ಮುಖ ತಿರುಗಿಸುತ್ತೆ ಅಂತ ಹೊಟ್ಟೆಕಿಚ್ಚು ನಿಂಗೆ," ಎಂದ ಅಜ್ಜಿ, ಡಾಕ್ಟರ ಕಡೆ ತಿರುಗಿದರು. "ನರಳಿ ಸಾಯೋದಾದ್ರೆ ಹೇಳ್ಬಿಡು ತಾಯಿ, ನಾನೇ ಕಳಿಸ್ಕೊಡ್ತೀನಿ. ಬದುಕೋದಾದ್ರೆ ಯಾರ ಕೈಗೂ ಕೊಡಲ್ಲ."

ಸ್ಕ್ಯಾನಿನಲ್ಲಿ ಗರ್ಭಕೋಶದೊಳಗೆ ಉಂಡೆಯೊಂದು ಕಂಡಿತು. ಒಳಗೇ ಸತ್ತು ಒಣಗಿದ ಮರಿ ಎಂದರು ಜೊತೆಯ ವೈದ್ಯರು. ಮೂಳೆಯಿದ್ದರೆ ಅದರ ಹಿಂದೆ ಕಪ್ಪು ನೆರಳು ಬೀಳಬೇಕು, ಬಿದ್ದಿರಲಿಲ್ಲ. ಅದು ಗಡ್ಡೆ, ಮೇಕೆಗಳಲ್ಲಿ ಅಪರೂಪದ್ದು ಎಂದಳು ನನ್ನ ಗೆಳತಿ. ಅವಳು ಗರ್ಭಕೋಶ ಸಮೇತ ಅದನ್ನು ತೆಗೆದು, ಆತುರದಲ್ಲಿ ನಡುವಿನಿಂದ ಚೂರು ಕೊಯ್ದು ನನಗೆ ಕಳಿಸಿದಳು.

ಜೀವಕೋಶಗಳು ಅಡ್ಡಾದಿಡ್ಡಿಯಾಗಿದ್ದವು, ಅರ್ಧಕ್ಕರ್ಧ ಸತ್ತಿದ್ದವು. ನಾನು ಕ್ಯಾನ್ಸರ್ ಇರಬೇಕು ಅಂದೆ.

ಅವಳು ವಾದಿಸಲಿಲ್ಲ. ಗಡ್ಡೆ ಗರ್ಭಕೋಶದ ಗೋಡೆಗೆ ತಾಗುವ ಅಂಚನ್ನು ಸುತ್ತಲೂ ಕೊಯ್ದು ತಂದಳು. "ತಪ್ಪು ಜಾಗದಲ್ಲಿ ಕತ್ತರಿಸಿದೆ ಕಣೇ. ನಡುವೆ ರಕ್ತ ಸಿಗದೆ ಕೊಳೆತಿದೆ. ಅಂಥ ಕಡೆ ಎಲ್ಲರ ಮುಖಾನೂ ಕಳ್ಳರ ಥರಾನೇ ಕಾಣುತ್ತೆ. ಅಂಚು ನೋಡು."

ಅಂಚಿನಲ್ಲಿ ಬಾಚಿದ ಕೂದಲಿನಂತೆ ಒಂದೇ ಹದದ ಸ್ನಾಯುವಿನ ಎಳೆಗಳಿದ್ದವು. ಎಲ್ಲೂ ಅವು ಗೋಡೆಯೊಳಗೆ ನುಗ್ಗಿರಲಿಲ್ಲ. ಹರಡುವ ಗಡ್ಡೆಯಲ್ಲ.

ಇಂಥ ಸುದ್ದಿಯನ್ನು ಅವಳು ಫೋನಿನಲ್ಲಿ ಹೇಳುತ್ತಿರಲಿಲ್ಲ. ನನ್ನನ್ನೂ ಕರೆದುಕೊಂಡು ಅಜ್ಜಿಯ ಕೊಟ್ಟಿಗೆಗೇ ಹೋದಳು.

"ಬದುಕುತ್ತೆ ಅಜ್ಜಿ. ಮರಿ ಮಾತ್ರ ಇನ್ನು ಹಾಕಲ್ಲ."

"ಮರಿ ಹಾಕದ ಮೇಕೆಗೆ ಸೊಪ್ಪು ಯಾರು ತರ್ತಾರೆ?" ಸೊಸೆ ಕೇಳಿದಳು.

"ನೀನೇ. ಇನ್ಯಾರು?" ಎಂದರು ಅಜ್ಜಿ.

ಸೊಸೆ ಗೊಣಗುತ್ತಲೇ ಫೋನ್ ತೆಗೆದು ಕಟುಕನಿಗೆ ಬರಬೇಡ ಎಂದಳು. ನನ್ನ ಗೆಳತಿ ಮಂಡಿಯೂರಿ ಹೊಲಿಗೆ ಒಣಗಿದೆಯೇ ಎಂದು ನೋಡುತ್ತಿದ್ದಳು.