ಗಂಜಿ ಕೊಂಡಪ್ಪನ ಬೀದಿಯಲ್ಲಿ ಮೆರವಣಿಗೆ

ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಬೆಳಕು ಇನ್ನೂ ಸರಿಯಾಗಿ ಇಳಿದಿಲ್ಲ. ಈ ತುದಿಯಿಂದ ಆ ತುದಿಯವರೆಗೆ, ಕತ್ತರಿಯಂತೆ ಕಟ್ಟಿದ ಬಿದಿರುಗಳ ಮೇಲೆ, ಸೊಂಟದೆತ್ತರಕ್ಕೆ, ಬಟ್ಟೆಯ ಉದ್ದಕ್ಕೆ ಓಡುವ ಎಳೆಗಳ ಹಾಸುನೂಲು ಬಿಗಿದು ನಿಂತಿದೆ. ಕೊಂಡಪ್ಪ ಅದರ ಮೇಲೆ ಅಕ್ಕಿಗಂಜಿ ಚಿಮುಕಿಸುತ್ತಾರೆ. ಆಮೇಲೆ ಉದ್ದನೆಯ ಕುಂಚದ ಒಂದು ತುದಿಯನ್ನು ಅವರು, ಇನ್ನೊಂದು ತುದಿಯನ್ನು ಹೆಂಡತಿ ಲಕ್ಕಮ್ಮ ಹಿಡಿದು, ಹಾಸಿನ ಎರಡು ಬದಿಗಳಲ್ಲಿ ಜೊತೆಯಾಗಿ ನಡೆಯುತ್ತಾರೆ. ಇಬ್ಬರ ನಡುವೆ ಮಾತಿಲ್ಲ. ನೂಲಿನ ಮೇಲೆ ಕುಂಚ ಸರಿಯುವ ಸದ್ದು ಮಾತ್ರ.

"ಮಾತಾಡಿದ್ರೆ ಕೈ ನಿಲ್ತದೆ. ಕೈ ನಿಂತ್ರೆ ಎಳೆಎಳೆ ಅಂಟ್ಕೊಂಡು ಹಗ್ಗ ಆಗ್ಬಿಡ್ತದೆ" ಎನ್ನುತ್ತಾರೆ ಕೊಂಡಪ್ಪ.

"ಹಾಸು ಇಲ್ದಿದ್ರೂ ಅವ್ರು ಮಾತಾಡಲ್ಲ ಬಿಡಿ" ಎಂದು ಲಕ್ಕಮ್ಮ ಆ ಬದಿಯಿಂದ ಸೇರಿಸುತ್ತಾರೆ.

ಕೊಂಡಪ್ಪನಿಗೆ ಈಗ ಐವತ್ತು ದಾಟಿದೆ. ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿ ಅಪ್ಪ ಕುಂಚ ಹಿಡಿಸಿದ್ದರು. ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ಎರಡು ಹಾಸು, ಮೋಡವಿದ್ದರೆ ಒಂದು, ಮಳೆ ಬಂದರೆ ಒಂದೂ ಇಲ್ಲ. ಊರಿಗೆ ವಿದ್ಯುತ್ ಮಗ್ಗಗಳು ಬಂದ ಮೇಲೆ ಬಹಳ ಮಂದಿ ಗಂಜಿ ಹಾಕಿಸಿದ ನೂಲನ್ನೇ ಹೊರಗಿನಿಂದ ತರಿಸುತ್ತಾರೆ. ಬೆರಳೆಣಿಕೆಯ ಕೈಮಗ್ಗದವರು ಉಳಿದಿದ್ದಾರೆ. ಅವರಲ್ಲಿ ದೊಡ್ಡವರಾದ ಸಂಜೀವಪ್ಪನವರು ಕೊಡುತ್ತಿದ್ದ ಹಾಸಿನಿಂದಲೇ ಕೊಂಡಪ್ಪನ ಮನೆ ನಡೆಯುತ್ತಿತ್ತು. ಮಗಳು ರುಕ್ಮಿಣಿ ಊರಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದುದೂ ಅದರಿಂದಲೇ.

ಕಳೆದ ವರ್ಷ, ಎಪ್ಪತ್ತಮೂರರ ಜುಲೈಯಲ್ಲಿ, ವಿಶ್ವವಿದ್ಯಾಲಯ ಶುಲ್ಕ ಏರಿಸಿತು. ರುಕ್ಮಿಣಿಗೆ ಉಳಿದಿದ್ದು ಕೊನೆಯ ವರ್ಷ. "ಎರಡು ವರ್ಷ ಓದಿದ್ದೀಯಲ್ಲವ್ವ, ಸಾಕು ಬಿಡು" ಎಂದರು ಕೊಂಡಪ್ಪ. ಅವಳು ವಾದ ಮಾಡಲಿಲ್ಲ, ಅಳಲೂ ಇಲ್ಲ. ಮನೆಯಲ್ಲಿ ಕೂತು ನೂಲು ಸುತ್ತತೊಡಗಿದಳು.

"ಜಗಳ ಆಡಿದ್ದಿದ್ರೆ ಎಷ್ಟೋ ವಾಸಿಯಾಗಿತ್ತು" ಎಂದು ಅವರು ನೆನೆಯುತ್ತಾರೆ. "ತಟ್ಟೆ ಇಡ್ತಿದ್ಲು, ಬಡಿಸ್ತಿದ್ಲು, ಅಷ್ಟೇಯ. ಮಾತಾಡ್ದೆ ಇರೋದು ನನ್ನಿಂದ್ಲೇ ಕಲ್ತಿರ್ಬೇಕು."

ಆಗಸ್ಟಿನ ಒಂದು ಬೆಳಿಗ್ಗೆ ಹಾಸಿನ ಮೇಲೆ ಆಗತಾನೆ ಗಂಜಿ ಬಿದ್ದಿತ್ತು. ಬೀದಿಯ ತಿರುವಿನಲ್ಲಿ ಕೂಗು ಕೇಳಿಸಿತು. ಶುಲ್ಕ ಇಳಿಸಬೇಕೆಂದು ಕಾಲೇಜು ಹುಡುಗರು ತಾಲೂಕು ಕಚೇರಿಗೆ ಮನವಿ ಕೊಡಲು ಹೊರಟಿದ್ದರು. ಪೇಟೆಯ ರಸ್ತೆಗೆ ಪೊಲೀಸರು ಅಡ್ಡ ನಿಂತಿದ್ದರಿಂದ ಈ ಬೀದಿಗೆ ತಿರುಗಿದ್ದರು. ಇಲ್ಲಿ ಹಾಸು ಅಡ್ಡ ಬಂತು. ಹಾಸಿಗೂ ಮನೆಗಳ ಜಗಲಿಗೂ ನಡುವೆ ಇರುವುದು ಒಬ್ಬ ನಡೆಯುವಷ್ಟು ಜಾಗ.

"ಚಿಕ್ಕಪ್ಪಾ, ಇದನ್ನ ಸ್ವಲ್ಪ ಬಿಚ್ಚಿ ಪಕ್ಕಕ್ಕಿಡ್ತೀರಾ?" ಎಂದು ಕೇಳಿದ ಮುಂದಿದ್ದ ಜಾಫರ್.

"ಏನಪ್ಪಾ, ಬಣ್ಣದಂಗ್ಡಿ ಮಸ್ತಾನ್ ಸಾಹೇಬ್ರ ಮಗ ಆಗಿ, ಮನೇಲೇ ಮಗ್ಗ ಇಟ್ಕೊಂಡು ಹಿಂಗ್ ಕೇಳ್ತೀಯಲ್ಲ. ಹಸಿ ಹಾಸು ಬಿಚ್ಚಕ್ಕಾಯ್ತದಾ?"

"ಲೇ, ಕೆಳಗಿಂದ ನುಗ್ಗಿ ಹೋಗೋಣ ಕಣ್ರೋ" ಎಂದು ಹಿಂದಿನಿಂದ ಯಾರೋ ಅಂದರು.

"ಹಾಸಿನ ಕೆಳಗೆ ನುಗ್ಬಾರ್ದು, ಮೇಲೂ ದಾಟ್ಬಾರ್ದು" ಎಂದಿತು ಒಂದು ಹೆಣ್ಣುದನಿ. ಮನೆಯಲ್ಲಿ ನೂಲು ಸುತ್ತುತ್ತಿದ್ದಾಳೆಂದು ಕೊಂಡಪ್ಪ ತಿಳಿದಿದ್ದ ಮಗಳು ಗುಂಪಿನೊಳಗಿದ್ದಳು.

"ನೀನು ಮನೇಲಿರಲಿಲ್ವಾ?"

"ಇದ್ದೆ. ಈಗ ಬಂದೆ" ಎಂದಳು ರುಕ್ಮಿಣಿ. ಎಷ್ಟೋ ದಿನದ ಮೇಲೆ ಅಪ್ಪನ ಜೊತೆ ಅವಳಾಡಿದ ಮಾತು ಅದು. "ತಾಲೂಕು ಕಚೇರಿ ಸಾಹೇಬ್ರು ಇನ್ನೇನು ಜೀಪ್ ಹತ್ತಿ ಬೆಂಗಳೂರಿಗೆ ಹೊರಡ್ತಾರಂತೆ. ದಾರಿ ಬೇಕು ಅಪ್ಪ."

ಕೊಂಡಪ್ಪನ ಕೈ ಮಾತ್ರ ನಿಂತಿರಲಿಲ್ಲ. ಹಾಸು ಸಂಜೀವಪ್ಪನವರದು. ಹಸಿ ನೂಲಿಗೆ ಧೂಳು ಕೂತರೆ ಅವರು ಇನ್ನೊಂದು ಹಾಸು ಕೊಡುವುದಿಲ್ಲ. ಈ ಹುಡುಗರು ಇಲ್ಲೇ ನಿಂತರೆ ಮಗಳ ಓದಿನ ಮಾತು ಇಲ್ಲಿಗೇ ಮುಗಿಯುತ್ತದೆ. ಕುಂಚ ಇನ್ನೂ ನಾಲ್ಕು ಹೆಜ್ಜೆ ಸರಿಯಿತು. ಲಕ್ಕಮ್ಮ ಗಂಡನ ಮುಖ ನೋಡಿದರು.

"ಚಪ್ಪಲಿ ಕೈಗೆ ತಗೊಳ್ಳಿ" ಎಂದರು ಕೊಂಡಪ್ಪ. "ಎರಡೂ ಕಡೆ ಒಬ್ಬೊಬ್ರೇ ಹೋಗಿ. ಕಾಲು ಎಳೀಬೇಡಿ, ಧೂಳೇಳ್ತದೆ. ಧಿಕ್ಕಾರ ಗಿಕ್ಕಾರ ಅಂತ ಕೂಗಂಗಿಲ್ಲ."

"ಕೂಗಿದ್ರೆ ಧೂಳು ಏಳಲ್ವಲ್ಲ ಚಿಕ್ಕಪ್ಪಾ?"

"ಎಂಜಲು ಹಾರ್ತದೆ. ಹಾಸಿನ ಮೇಲೆ ಎಂಜಲು ಬೀಳ್ಬಾರ್ದು."

ಹುಡುಗರು ನಕ್ಕರು. "ಪೊಲೀಸ್ನೋರ ಕೈಲಿ ನಮ್ ಬಾಯಿ ಮುಚ್ಸಕ್ಕಾಗ್ಲಿಲ್ಲ, ಗಂಜಿ ಮುಚ್ಚಿಸ್ತು ನೋಡು ಗುರು" ಎಂದ ಒಬ್ಬ. ಆಮೇಲೆ ಎಲ್ಲರೂ ಬಾಗಿ ಚಪ್ಪಲಿ ಕಳಚಿದರು.

ಗಂಡಹೆಂಡಿರು ಕುಂಚ ಎಳೆಯುತ್ತಲೇ ಇದ್ದರು. ಹುಡುಗರು ಬೆನ್ನು ಗೋಡೆಗೆ ಸವರಿಕೊಂಡು ಅವರನ್ನು ದಾಟಿದರು. ಹತ್ತಿರದ ಮಧುರೆ ಹಳ್ಳಿಯ ಕಡೆಯ ಹುಡುಗರು ಪಂಚೆಯ ತುದಿ ನೂಲಿಗೆ ತಗಲದಂತೆ ಎತ್ತಿ ಹಿಡಿದಿದ್ದರು. ರುಕ್ಮಿಣಿ ಅಪ್ಪನ ಬದಿಯಲ್ಲೇ ಹೋದಳು. ಬೀದಿ ಮುಗಿದ ಮೇಲೂ ಕೂಗಲು ಯಾರಿಗೂ ಮನಸ್ಸಾಗಲಿಲ್ಲ. ಗದ್ದಲಕ್ಕೆ ಸಿದ್ಧರಾಗಿ ಕಚೇರಿಯ ಮುಂದೆ ನಿಂತಿದ್ದ ಪೊಲೀಸರಿಗೆ, ಚಪ್ಪಲಿ ಕೈಯಲ್ಲಿ ಹಿಡಿದು ಸುಮ್ಮನೆ ಬರುತ್ತಿರುವ ಇವರನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಇದೇನೆಂದು ನೋಡಲು ಅಧಿಕಾರಿಯೇ ಹೊರಗೆ ಬಂದು ಮನವಿ ಇಸಿದುಕೊಂಡರು.

ಎಷ್ಟು ಎಚ್ಚರದಿಂದ ನಡೆದರೂ ಧೂಳು ಎದ್ದಿತ್ತು. ಸಂಜೀವಪ್ಪನವರು ಹಾಸನ್ನು ಬೆರಳಲ್ಲಿ ಸವರಿ ನೋಡಿ, "ಮೆರವಣಿಗೆ ಮಾಡ್ಸೋರಿಗೆ ಗಂಜಿ ಕೆಲ್ಸ ಯಾಕಪ್ಪ?" ಎಂದರು. ಅಲ್ಲಿಗೆ ಅವರ ಮನೆಯ ಕೆಲಸ ನಿಂತಿತು. ಕೊಂಡಪ್ಪ ಇಟ್ಟಿಗೆ ಗೂಡಿಗೆ ಮಣ್ಣು ಹೊರಲು ಹೋದರು. ಆ ದಿನಗಳ ವಿಷಯ ಕೇಳಿದರೆ ಅವರು ಕುಂಚದ ನಾರಿಗೆ ಅಂಟಿದ ಗಂಜಿ ಬಿಡಿಸುತ್ತ ಕೂರುತ್ತಾರೆ. ದಸರೆಯ ಹೊತ್ತಿಗೆ ಮಸ್ತಾನ್ ಸಾಹೇಬರು ತಮ್ಮ ಮೂರು ಮಗ್ಗಗಳ ಹಾಸು ಕಳಿಸಿದರು. "ಅಷ್ಟು ಮಂದಿ ಪಕ್ಕದಲ್ಲೇ ಹೋದ್ರೂ ಒಂದೆಳೆ ಕಡೀಲಿಲ್ವಂತಲ್ಲ ಕೊಂಡಪ್ಪ" ಎಂದಷ್ಟೇ ಹೇಳಿದರಂತೆ.

ಬೆಂಗಳೂರಿನಲ್ಲೂ ಹುಡುಗರು ಬೀದಿಗಿಳಿದಿದ್ದರು. ಯಾವ ಮನವಿ ಯಾರಿಗೆ ತಟ್ಟಿತೋ, ಈಗಾಗಲೇ ಸೇರಿದವರಿಗೆ ಹಳೆಯ ಶುಲ್ಕವೇ ಸಾಕೆಂದು ಆದೇಶ ಬಂತು. ಹೊಸದಾಗಿ ಸೇರುವವರಿಗೆ ಏರಿದ ಶುಲ್ಕ ಇಳಿಯಲಿಲ್ಲ. ಜಾಫರ್ ಮತ್ತು ಅವನ ಗೆಳೆಯರು ಅದಕ್ಕಾಗಿ ಈಗಲೂ ಓಡಾಡುತ್ತಿದ್ದಾರೆ. ರುಕ್ಮಿಣಿ ಮತ್ತೆ ಕಾಲೇಜಿಗೆ ಹೋಗತೊಡಗಿ, ಈಗ ಕೊನೆಯ ಪರೀಕ್ಷೆಗೆ ಓದುತ್ತಿದ್ದಾಳೆ. ಊಟದ ಹೊತ್ತಿಗೆ ಮನೆಯಲ್ಲಿ ಮಾತೂ ನಡೆಯುತ್ತದೆ, ಹೆಚ್ಚಾಗಿ ಅವಳದೇ.

ನೀವೂ ಅಂದು ಹೋರಾಟ ಮಾಡಿದಿರಲ್ಲ ಎಂದರೆ ಕೊಂಡಪ್ಪ ಒಪ್ಪುವುದಿಲ್ಲ. "ನಾನೆಲ್ಲಿ ಹೋದೆ ಸ್ವಾಮಿ? ನನ್ ಕೆಲ್ಸ ನಾನ್ ಮಾಡ್ತಿದ್ದೆ." ಇನ್ನು ಏನಾದರೂ ಆಸೆ ಇದೆಯೇ ಎಂದರೆ ಕುಂಚ ಕೆಳಗಿಡುತ್ತಾರೆ.

"ಪಾಸಾದೋರಿಗೆ ಬೆಂಗಳೂರಲ್ಲಿ ಕರೀ ನಿಲುವಂಗಿ ತೊಡಿಸ್ತಾರಂತಲ್ಲ. ನಮ್ಮುಡ್ಗಿ ತೊಟ್ಕೊಂಡಾಗ ಒಂದ್ಸಲ ಮುಟ್ಟಿ ನೋಡ್ಬೇಕು. ಆ ನೂಲಿಗೂ ಯಾರೋ ಒಬ್ರು ಗಂಜಿ ಹಾಕಿರ್ತಾರಲ್ಲ."